ಇಕ ಪ್ರತ್ಯಯವೂ ಕನ್ನಡ ಗದ್ಯವೂ

ಭಾಷೆಯಲ್ಲಿ ಶಬ್ದಗಳಿಗೆ ದೊರೆಯುವ ಗೌರವವು ಪ್ರತ್ಯಯಗಳಿಗೆ ದೊರೆಯುವುದಿಲ್ಲ. ಹೊಸ ಶಬ್ದವೊಂದು ಬಳಕೆಗೆ ಬಂದರೆ ಅದು ಎಲ್ಲಿಂದ ಬಂದಿತು, ಅದಕ್ಕೆ ಅರ್ಥವೇನು ಎಂದು ವಿಚಾರಿಸುವವರು ಇದ್ದೇ ಇರುತ್ತಾರೆ. ಪ್ರತ್ಯಯವಾದರೋ ಶಬ್ದದ ಬೆನ್ನಿಗೆ ಅಂಟಿಕೊಂಡು, ಯಾರ ಕಣ್ಣಿಗೂ ಬೀಳದೆ ಮನೆಯೊಳಗೆ ಬಂದು ನೆಲೆಯೂರುವುದು. ಇಂದಿನ ಕನ್ನಡ ಗದ್ಯದಲ್ಲಿ ಹೀಗೆ ನೆಲೆಯೂರಿರುವ ಪ್ರತ್ಯಯಗಳೊಳಗೆ ‘ಇಕ’ ಎಂಬುದು ಅಗ್ರಗಣ್ಯವಾದುದು. ವರ್ತಮಾನಪತ್ರಿಕೆಯ ಯಾವ ಪುಟವನ್ನು ತೆರೆದರೂ ಸಾಮಾಜಿಕ, ಆರ್ಥಿಕ, ಶೈಕ್ಷಣಿಕ, ಸಾಂಸ್ಕೃತಿಕ, ಪ್ರಾದೇಶಿಕ, ತಾಂತ್ರಿಕ, ಜಾಗತಿಕ ಎಂಬೀ ಶಬ್ದಗಳು ಸಾಲುಗಟ್ಟಿ ನಿಂತಿರುವುವು. ಸಭೆಗಳ ಭಾಷಣಗಳಲ್ಲಿಯೂ ಶಾಲೆಯ ಪಠ್ಯಗಳಲ್ಲಿಯೂ ಕಚೇರಿಯ ಸುತ್ತೋಲೆಗಳಲ್ಲಿಯೂ ಇವುಗಳದೇ ಆಳಿಕೆ. ಇವುಗಳಲ್ಲಿ ಬಹುಪಾಲು ಇಂಗ್ಲಿಷಿನ ‘ಇಕ್’, ‘ಇಕಲ್’, ‘ಅಲ್’ ಎಂಬ ವಿಶೇಷಣ ಪ್ರತ್ಯಯಗಳಿಗೆ ಪ್ರತಿಯಾಗಿ ನಿಲ್ಲಿಸಿದವುಗಳು. ಈ ಪ್ರತ್ಯಯದ ಮೂಲವಾವುದು, ಅದರ ನಿಜವಾದ ಅರ್ಥವೇನು, ಕನ್ನಡದಲ್ಲಿ ಅದಕ್ಕೆ ತಕ್ಕ ಸ್ಥಾನವಾವುದು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ವಿಮರ್ಶಿಸುವುದು ಅವಶ್ಯವಾಗಿದೆ.

ಮೊದಲು ಇಂಗ್ಲಿಷಿನ ಕಡೆಗೆ ನೋಡೋಣ. ‘ಇಕ್’ ಎಂಬುದು ಆ ಭಾಷೆಯ ಸ್ವಂತ ಸೊತ್ತಲ್ಲ. ಗ್ರೀಕ್ ಭಾಷೆಯ ‘ಇಕೋಸ್’ ಎಂಬ ಪ್ರತ್ಯಯ, ಲ್ಯಾಟಿನ್ ಭಾಷೆಯ ‘ಇಕುಸ್’, ಫ್ರೆಂಚಿನ ‘ಈಕ್’ — ಈ ಮೆಟ್ಟಿಲುಗಳನ್ನು ಇಳಿದು ಅದು ಇಂಗ್ಲಿಷಿಗೆ ಬಂದಿತು. ‘ಅದಕ್ಕೆ ಸಂಬಂಧಿಸಿದುದು’, ‘ಅದರ ಸ್ವಭಾವವುಳ್ಳುದು’ ಎಂಬುದೇ ಅದರ ಸಾಮಾನ್ಯಾರ್ಥ. ಗ್ರೀಕರು ವಿದ್ಯೆ ಅಥವಾ ಕಲೆ ಎಂಬ ವಿಶೇಷ್ಯವನ್ನು ಬಿಟ್ಟು ವಿಶೇಷಣವನ್ನೇ ನಾಮಪದವಾಗಿ ಆಡುವ ಪದ್ಧತಿಯುಳ್ಳವರಾಗಿದ್ದರು. ಆದುದರಿಂದಲೇ ಲಾಜಿಕ್, ಮ್ಯೂಸಿಕ್ ಎಂಬಿವು ರೂಪದಲ್ಲಿ ವಿಶೇಷಣಗಳಾದರೂ ವಿದ್ಯೆಗಳ ಹೆಸರುಗಳಾಗಿ ನಿಂತುವು. ಹಿಂದಿನ ಇಂಗ್ಲಿಷಿನಲ್ಲಿ ಈ ಶಬ್ದಗಳ ಕೊನೆಯಲ್ಲಿ ‘ಕೆ’ ಎಂಬ ಅಕ್ಷರವನ್ನೂ ಸೇರಿಸಿ ಬರೆಯುತ್ತಿದ್ದರು. 1755ರಲ್ಲಿ ಪ್ರಕಟವಾದ ಜಾನ್ಸನ್ನನ ನಿಘಂಟಿನಲ್ಲಿ ಆ ರೂಪವೇ ಇದೆ. 1828ರಲ್ಲಿ ಹೊರಬಂದ ಅಮೆರಿಕದ ವೆಬ್‌ಸ್ಟರನ ನಿಘಂಟು ಅದನ್ನು ಕೈಬಿಟ್ಟಿತು. ಲ್ಯಾಟಿನಿನ ಇನ್ನೊಂದು ಪ್ರತ್ಯಯವಾದ ‘ಅಲ್’ ಎಂಬುದನ್ನು ಇದರ ಮೇಲೆ ಹೇರಿ ‘ಇಕಲ್’ ಎಂಬ ಜೋಡು ಪ್ರತ್ಯಯವನ್ನೂ ಮಾಡಿಕೊಂಡರು. ಇಂಗ್ಲಿಷರು ಆ ಭೇದವನ್ನು ವ್ಯರ್ಥಗೊಳಿಸಲಿಲ್ಲ. ‘ಹಿಸ್ಟಾರಿಕ್’ ಎಂದರೆ ಚರಿತ್ರೆಯಲ್ಲಿ ಹೆಸರು ನಿಲ್ಲುವಂಥದು, ‘ಹಿಸ್ಟಾರಿಕಲ್’ ಎಂದರೆ ಚರಿತ್ರೆಗೆ ಸೇರಿದುದು. ‘ಎಕನಾಮಿಕ್’ ಎಂದರೆ ಹಣಕಾಸಿಗೆ ಸಂಬಂಧಪಟ್ಟುದು, ‘ಎಕನಾಮಿಕಲ್’ ಎಂದರೆ ಮಿತವ್ಯಯದ್ದು. ಕನ್ನಡದಲ್ಲಿ ಹಿಸ್ಟಾರಿಕ್, ಹಿಸ್ಟಾರಿಕಲ್ ಎರಡಕ್ಕೂ ಐತಿಹಾಸಿಕ ಎಂದೇ ಬರೆದು ಮುಗಿಸುವುದರಿಂದ ಮೊದಲನೆಯ ನಷ್ಟವು ಇಲ್ಲಿಯೇ ಆರಂಭವಾಗುವುದು.

ರಸಾಯನಶಾಸ್ತ್ರಜ್ಞರು ಈ ಪ್ರತ್ಯಯವನ್ನು ಬಳಸಿದ ರೀತಿಯು ಇನ್ನೂ ನಿಯತವಾದುದು. 1787ರಲ್ಲಿ ಫ್ರಾನ್ಸಿನ ಲವಾಸಿಯೇ ಮೊದಲಾದ ವಿದ್ವಾಂಸರು ದ್ರವ್ಯಗಳಿಗೆ ಹೊಸ ನಾಮಪದ್ಧತಿಯನ್ನು ನಿರ್ಮಿಸಿದಾಗ ಆಮ್ಲಜನಕವು ಹೆಚ್ಚಾಗಿರುವ ಆಮ್ಲಕ್ಕೆ ‘ಇಕ್’ ಪ್ರತ್ಯಯವನ್ನೂ ಕಡಮೆಯಿರುವುದಕ್ಕೆ ಬೇರೊಂದು ಪ್ರತ್ಯಯವನ್ನೂ ವಿಧಿಸಿದರು. ಸಲ್ಫ್ಯೂರಿಕ್, ಸಲ್ಫ್ಯೂರಸ್ ಎಂಬ ಜೋಡಿಯು ಹೀಗೆ ಹುಟ್ಟಿತು. ಅಲ್ಲಿ ಪ್ರತ್ಯಯವೊಂದು ಬದಲಾದರೆ ದ್ರವ್ಯವೇ ಬದಲಾಗುವುದು. ಕನ್ನಡದ ವಿಜ್ಞಾನಪಾಠಗಳಲ್ಲಿ ಈ ಹೆಸರುಗಳನ್ನು ಇದ್ದಂತೆಯೇ ಉಳಿಸಿಕೊಂಡಿರುವುದು ವಿವೇಕದ ಕೆಲಸವೇ ಸರಿ. ‘ಇಕ’ದಿಂದ ಆ ಭೇದವನ್ನು ಸಾಧಿಸಲು ಶಕ್ಯವಿಲ್ಲ.

ಗ್ರೀಕಿನ ‘ಇಕೋಸ್’ ಎಂಬುದಕ್ಕೂ ಸಂಸ್ಕೃತದ ‘ಇಕ’ ಎಂಬುದಕ್ಕೂ ಇರುವ ಹೋಲಿಕೆಯು ಕಿವಿಗೆ ಕೇಳಿಸುವಷ್ಟು ಸ್ಪಷ್ಟವಾಗಿದೆ. 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹೊರಟವುಗಳೆಂದು ಸೂಚಿಸಿದ ತರುವಾಯ ಭಾಷಾಶಾಸ್ತ್ರಜ್ಞರು ಮಾಡಿದ ಪರಿಶೋಧನೆಯಿಂದ ಇವೆರಡೂ ‘ಕ’ಕಾರವುಳ್ಳ ಒಂದೇ ಪ್ರಾಚೀನ ವಿಶೇಷಣ ಪ್ರತ್ಯಯದ ಕವಲುಗಳೆಂದು ಗ್ರಹಿಸಲ್ಪಟ್ಟಿವೆ. ಇನ್ನೊಂದು ಸ್ವಾರಸ್ಯವುಂಟು. ಇಂಗ್ಲಿಷಿನ ಸ್ವಂತ ಶಬ್ದಗಳಾದ ಮೈಟಿ, ಹೋಲಿ ಎಂಬವುಗಳ ಕೊನೆಯ ‘ಇ’ಕಾರವು ಹಳೆಯ ಇಂಗ್ಲಿಷಿನಲ್ಲಿ ‘ಇಗ್’ ಎಂದಿದ್ದಿತು; ಜರ್ಮನ್ ಭಾಷೆಯಲ್ಲಿ ಇಂದಿಗೂ ಬರೆಹದಲ್ಲಿ ‘ಇಗ್’ ಎಂದೇ ಇದೆ. ಅದೂ ಇದೇ ಬಳ್ಳಿಯ ಕುಡಿ. ಅಲ್ಲಿ ‘ಕ’ಕಾರವು ‘ಗ’ಕಾರವಾಯಿತು, ಅಷ್ಟೇ. ಕನ್ನಡದ ತದ್ಭವಗಳಲ್ಲಿಯೂ ನಡೆದುದು ಇದೇ. ಆಕಾಶವು ಆಗಸವಾಯಿತು, ನಾವಿಕನು ನಾವಿಗನಾದನು. ಸೇವಂತಿಕಾ ಎಂಬುದು ಸೇವಂತಿಗೆ, ಮಲ್ಲಿಕಾ ಎಂಬುದು ಮಲ್ಲಿಗೆ ಎಂದು ವೈಯಾಕರಣರು ಸಾಧಿಸುವರು. ಮಾರಣಕಟ್ಟೆಯ ಮಕರಸಂಕ್ರಮಣದ ಜಾತ್ರೆಗೆಂದು ಹೆಮ್ಮಾಡಿಯ ಗದ್ದೆಗಳಲ್ಲಿ ಬೆಳೆಯುವ ಸೇವಂತಿಗೆಯ ಹೆಸರಿನಲ್ಲಿಯೂ ಈ ವರ್ಣವಿಕಾರವು ಅರಳಿ ನಿಂತಿದೆ. ದೂರದ ಜರ್ಮನಿಯಲ್ಲಿಯೂ ಕುಂದಾಪುರದ ಕರಾವಳಿಯಲ್ಲಿಯೂ ನಾಲಗೆಯು ಒಂದೇ ಬಗೆಯಾಗಿ ಹೊರಳಿದೆಯೆಂಬುದು ಭಾಷಾಪ್ರಿಯರಿಗೆ ಸಂತೋಷದ ಸಂಗತಿ.

ಮೂಲವು ಒಂದಾದರೂ ಸಂಸ್ಕೃತದಲ್ಲಿ ಈ ಪ್ರತ್ಯಯಕ್ಕೆ ದೊರೆತ ಸಂಸ್ಕಾರವು ಬೇರೆಯದಾಗಿದೆ. ಪಾಣಿನಿಯು ತದ್ಧಿತ ಪ್ರಕರಣದಲ್ಲಿ ಠಕ್, ಠಞ್, ಠನ್ ಮೊದಲಾದ ಪ್ರತ್ಯಯಗಳನ್ನು ವಿಧಿಸಿ, ಅವುಗಳೊಳಗಿನ ‘ಠ’ಕಾರಕ್ಕೆ ‘ಇಕ’ ಎಂಬ ಆದೇಶವನ್ನು ಹೇಳುವನು. ಇಲ್ಲಿ ಗಮನಿಸತಕ್ಕ ಮುಖ್ಯಾಂಶವೆಂದರೆ, ‘ಅದಕ್ಕೆ ಸಂಬಂಧಿಸಿದುದು’ ಎಂಬ ಮಸುಕಾದ ಅರ್ಥದಲ್ಲಿ ಮಾತ್ರ ಅವನು ತೃಪ್ತನಾಗುವುದಿಲ್ಲ. ಯಾವ ಸಂಬಂಧವೆಂಬುದನ್ನು ಒಂದೊಂದಾಗಿ ಬಿಡಿಸಿ ಎಣಿಸುವನು. ಅಕ್ಷಗಳಿಂದ ಆಡುವವನು ಆಕ್ಷಿಕ. ನಾವೆಯಿಂದ ದಾಟುವವನು ನಾವಿಕ. ಮೊಸರಿನಿಂದ ಸಂಸ್ಕರಿಸಿದುದು ದಾಧಿಕ. ವೇತನದಿಂದ ಜೀವಿಸುವವನು ವೈತನಿಕ. ಉಪ್ಪನ್ನು ಮಾರುವವನು ಲಾವಣಿಕ. ಧರ್ಮವನ್ನು ಆಚರಿಸುವವನು ಧಾರ್ಮಿಕ. ಬಾಗಿಲಲ್ಲಿ ನೇಮಿಸಲ್ಪಟ್ಟವನು ದೌವಾರಿಕ. ಮೃದಂಗವನ್ನು ನುಡಿಸುವುದೇ ಯಾವನ ಶಿಲ್ಪವೋ ಅವನು ಮಾರ್ದಂಗಿಕ. ‘ಉಂಟು’ ಎಂಬ ಮತಿಯುಳ್ಳವನು ಆಸ್ತಿಕ, ‘ಇಲ್ಲ’ ಎಂಬ ಮತಿಯುಳ್ಳವನು ನಾಸ್ತಿಕ, ದೈವವೇ ಎಲ್ಲವೆಂದು ನಂಬಿದವನು ದೈಷ್ಟಿಕ. ಆಡುವುದು, ದಾಟುವುದು, ಮಾರುವುದು, ಬದುಕುವುದು, ಆಚರಿಸುವುದು, ನಂಬುವುದು — ಪ್ರತಿಯೊಂದು ಶಬ್ದದೊಳಗೂ ಒಂದು ಕ್ರಿಯೆಯು ಅಡಗಿದೆ. ಮೇಲಾಗಿ ಇವುಗಳಲ್ಲಿ ಹೆಚ್ಚಿನವು ಮನುಷ್ಯರನ್ನು ಹೇಳುವ ಶಬ್ದಗಳು. ‘ಇಕ’ ಎಂದೊಡನೆ ಕಣ್ಣಮುಂದೆ ಒಬ್ಬನು ನಿಲ್ಲುವನು. ಅವನ ಕೈಯಲ್ಲಿ ದಾಳವೋ ಹುಟ್ಟೋ ಉಪ್ಪಿನ ಚೀಲವೋ ಇರುವುದು.

ಅರ್ಥದಲ್ಲಿರುವಂತೆ ರೂಪದಲ್ಲಿಯೂ ಕಟ್ಟುನಿಟ್ಟು ಇದೆ. ಠಕ್ ಮತ್ತು ಠಞ್ ಪ್ರತ್ಯಯಗಳು ಪರವಾದರೆ ಶಬ್ದದ ಮೊದಲ ಸ್ವರಕ್ಕೆ ವೃದ್ಧಿಯಾಗಬೇಕು. ಅಕಾರವು ಆಕಾರವಾಗುವುದು, ಇಕಾರ ಏಕಾರಗಳು ಐಕಾರವಾಗುವುವು, ಉಕಾರ ಓಕಾರಗಳು ಔಕಾರವಾಗುವುವು. ಇತಿಹಾಸದಿಂದ ಐತಿಹಾಸಿಕ, ಉಪಚಾರದಿಂದ ಔಪಚಾರಿಕ, ಲೋಕದಿಂದ ಲೌಕಿಕ. ಈ ನಿಯಮವನ್ನು ಮರೆತು ‘ಪ್ರಮಾಣಿಕ’, ‘ರಸಾಯನಿಕ’, ‘ವ್ಯವಹಾರಿಕ’ ಎಂದು ಬರೆಯುವುದು ಇಂದು ವಿಪುಲವಾಗಿದೆ. ಪ್ರಾಮಾಣಿಕ, ರಾಸಾಯನಿಕ, ವ್ಯಾವಹಾರಿಕ ಎಂಬುವೇ ಸಾಧುರೂಪಗಳು. ಕೆಲವು ಶಬ್ದಗಳಲ್ಲಿ ಎರಡು ಪದಗಳ ಆದಿಸ್ವರಗಳಿಗೂ ವೃದ್ಧಿಯು ಬರುವುದುಂಟು. ಪಾರಲೌಕಿಕ, ಆಧಿಭೌತಿಕ, ಆಧಿದೈವಿಕ ಎಂಬುವು ಅಂತಹವು. ಆದರೆ ಧನಿಕ, ರಸಿಕ, ಕ್ಷಣಿಕ, ಪಥಿಕ ಎಂಬಲ್ಲಿ ವೃದ್ಧಿಯಿಲ್ಲ. ಏಕೆಂದರೆ ಅಲ್ಲಿ ಬಂದಿರುವ ಪ್ರತ್ಯಯಗಳೇ ಬೇರೆ. ಆದಕಾರಣ ‘ಧನಿಕ’ವನ್ನು ನೋಡಿ ‘ಪ್ರಮಾಣಿಕ’ವನ್ನು ಸಮರ್ಥಿಸುವುದು ಸಲ್ಲದು.

ಕೊನೆಯಲ್ಲಿ ‘ಇಕ’ ಎಂಬ ಧ್ವನಿಯಿದ್ದ ಮಾತ್ರಕ್ಕೆ ಅಲ್ಲಿ ಈ ಪ್ರತ್ಯಯವೇ ಇದೆಯೆಂದು ತಿಳಿಯಲೂ ಆಗದು. ಕೊಡಚಾದ್ರಿಯಲ್ಲಿ ಹುಟ್ಟಿ, ಕೊಲ್ಲೂರನ್ನು ಬಳಸಿ, ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಸೇರುವ ಸೌಪರ್ಣಿಕಾ ನದಿಯ ಹೆಸರನ್ನೇ ನೋಡಬಹುದು. ಸುಪರ್ಣನೆಂದರೆ ಗರುಡ; ಅವನು ಆ ತೀರದಲ್ಲಿ ತಪಸ್ಸನ್ನಾಚರಿಸಿದನೆಂದು ಐತಿಹ್ಯ. ಶಬ್ದದ ಆದಿಯಲ್ಲಿ ವೃದ್ಧಿಯೂ ಕೊನೆಯಲ್ಲಿ ‘ಇಕಾ’ ಎಂಬುದೂ ಕಾಣುವುದರಿಂದ ಇದು ಠಕ್ ಪ್ರತ್ಯಯದ ಶಬ್ದವೆಂದು ಯಾರಿಗಾದರೂ ತೋರುವುದು ಸಹಜ. ಆದರೆ ಠಕ್ ಬಂದ ಶಬ್ದವು ಸ್ತ್ರೀಲಿಂಗದಲ್ಲಿ ಈಕಾರಾಂತವಾಗತಕ್ಕದ್ದು. ಆಗ ಸೌಪರ್ಣಿಕೀ ಎಂದಾಗಬೇಕಿತ್ತು. ಸುಪರ್ಣನದು ಸೌಪರ್ಣ, ಅದರ ಮೇಲೆ ಕಪ್ರತ್ಯಯ, ಆ ಬಳಿಕ ಸ್ತ್ರೀವಾಚಕವಾದ ಆಕಾರ, ಆಗ ಕಕಾರದ ಹಿಂದಿನ ಅಕಾರಕ್ಕೆ ಇಕಾರ ಬಂದು ಸೌಪರ್ಣಿಕಾ ಎಂಬ ರೂಪವು ಸಿದ್ಧಿಸುವುದು. ಬಾಲಕ ಶಬ್ದವು ಬಾಲಿಕಾ ಎಂದೂ ಗಾಯಕ ಶಬ್ದವು ಗಾಯಿಕಾ ಎಂದೂ ಆಗುವ ಮಾರ್ಗವೇ ಇದು. ಇಂಗ್ಲಿಷಿನಲ್ಲಿಯೂ ಇಂತಹ ಮೋಸಗಳಿಲ್ಲದಿಲ್ಲ. ಬೆಳ್ಳುಳ್ಳಿಗೆ ಅವರು ಹೇಳುವ ಗಾರ್ಲಿಕ್ ಎಂಬ ಹೆಸರಿನಲ್ಲಿ ‘ಇಕ್’ ಪ್ರತ್ಯಯವೇನೂ ಇಲ್ಲ. ಅದು ಭಲ್ಲೆಯನ್ನು ಹೇಳುವ ಶಬ್ದಕ್ಕೂ ಉಳ್ಳಿಯ ಜಾತಿಯ ಒಂದು ಗಿಡದ ಹೆಸರಿಗೂ ಆದ ಸಮಾಸ. ಧ್ವನಿಸಾಮ್ಯವನ್ನೇ ನಂಬಿ ವ್ಯುತ್ಪತ್ತಿಯನ್ನು ಹೇಳುವವನು ಬೆಳ್ಳುಳ್ಳಿಯನ್ನು ಲಾಜಿಕ್ಕಿನ ಪಂಕ್ತಿಯಲ್ಲಿ ಕುಳ್ಳಿರಿಸಿದಂತಾಗುವುದು.

ಹೀಗೆಂದು ಶಾಸ್ತ್ರದ ಕೋಲನ್ನು ಹಿಡಿದು ಬಳಕೆಯ ಶಬ್ದಗಳನ್ನೆಲ್ಲ ಹೊಡೆದೋಡಿಸುವುದೂ ಯುಕ್ತವಲ್ಲ. ‘ಜಾಗತಿಕ’ ಎಂಬ ಶಬ್ದವನ್ನು ಪರೀಕ್ಷಿಸಿದರೆ ಇದು ಸ್ಪಷ್ಟವಾಗುವುದು. ತಕಾರಾಂತ ಶಬ್ದಗಳ ಮೇಲೆ ‘ಠ’ಕಾರಕ್ಕೆ ‘ಇಕ’ ಬಾರದೆ ಬರಿಯ ‘ಕ’ಕಾರವೇ ಬರಬೇಕೆಂದು ಪಾಣಿನಿಯ ವಿಧಿ. ಋಕಾರಾಂತವಾದ ಪಿತೃಶಬ್ದದಿಂದ ಪೈತೃಕ ಎಂದಾಗುವುದೂ, ಧನುಸ್ಸಿನಿಂದ ಧಾನುಷ್ಕ ಎಂದಾಗುವುದೂ ಈ ವಿಧಿಯಿಂದಲೇ. ಅದರಂತೆ ಜಗತ್ ಶಬ್ದದಿಂದ ‘ಜಾಗತ್ಕ’ ಎಂದಾಗಬೇಕೇ ಹೊರತು ‘ಜಾಗತಿಕ’ ಎಂದಲ್ಲ. ಆದರೆ ಜಾಗತ್ಕವೆಂದು ಬರೆದರೆ ಪಂಡಿತರೂ ಒಂದು ಕ್ಷಣ ತಡೆದು ನಿಲ್ಲುವರು. ಜಾಗತಿಕವೆಂದರೆ ಶಾಲೆಯ ಬಾಲಕನಿಗೂ ತಿಳಿಯುವುದು. ಅಚ್ಚೊತ್ತಿದ ನಾಣ್ಯವು ಕೈಯಿಂದ ಕೈಗೆ ನಡೆಯುತ್ತಿರುವಾಗ ಟಂಕಸಾಲೆಯ ದೋಷವನ್ನು ಎತ್ತಿ ತೋರಿಸಿ ಅದನ್ನು ಕಿತ್ತುಕೊಳ್ಳುವುದರಿಂದ ಪ್ರಯೋಜನವಿಲ್ಲ. ದೋಷವನ್ನು ಬಲ್ಲವರು ಬಲ್ಲವರಾಗಿರಲಿ, ವ್ಯವಹಾರವು ನಿಲ್ಲದಿರಲಿ. ‘ಪ್ರಮಾಣಿಕ’ದ ಮಾತು ಬೇರೆ. ಅಲ್ಲಿ ಸರಿಯಾದ ರೂಪವೂ ಅಷ್ಟೇ ಸುಲಭವಾಗಿ ಕೈಗೆ ಸಿಕ್ಕುವಾಗ ತಪ್ಪನ್ನು ಪೋಷಿಸಲು ಕಾರಣವಿಲ್ಲ.

ಅರ್ಥವು ಸರಿಯುವುದರಲ್ಲಿಯೂ ದೋಷವೆಲ್ಲ ಒಂದೇ ಬಗೆಯದಲ್ಲ. ಐತಿಹಾಸಿಕ, ಪೌರಾಣಿಕ ಎಂಬ ಶಬ್ದಗಳನ್ನು ಪೂರ್ವದ ವೈಯಾಕರಣರು ಇತಿಹಾಸವನ್ನು ಬಲ್ಲವನು, ಪುರಾಣವನ್ನು ಓದಿದವನು ಎಂಬರ್ಥದಲ್ಲಿ ಸಾಧಿಸಿದ್ದಾರೆ. ಕನ್ನಡವು ಇಲ್ಲಿ ಜಾಣತನದಿಂದ ಒಂದು ಪಾಲುಪಟ್ಟಿಯನ್ನು ಮಾಡಿಕೊಂಡಿತು. ಪುರಾಣವನ್ನು ಹೇಳುವವನು ‘ಪುರಾಣಿಕ’ನಾಗಿ ಉಳಿದನು, ಕರಾವಳಿಯಲ್ಲಿ ಅದು ಮನೆತನದ ಹೆಸರೂ ಆಯಿತು. ಪುರಾಣದ ಕಥೆಯುಳ್ಳುದು ‘ಪೌರಾಣಿಕ’ವಾಯಿತು. ಯಕ್ಷಗಾನದ ಮೇಳಗಳವರು ಪೌರಾಣಿಕ ಪ್ರಸಂಗವೆಂದು ಸಾರಿದರೆ ಕುಂದಾಪುರದ ಯಾವ ಮನೆಯಲ್ಲಿಯೂ ಸಂದೇಹವಿರುವುದಿಲ್ಲ.

ಸಾಮಾಜಿಕ ಶಬ್ದದ ಕಥೆಯು ಇದಕ್ಕಿಂತಲೂ ಕೌತುಕಕರವಾದುದು. ಸಮಾಜವೆಂದರೆ ಮೊದಲಿಗೆ ಒಂದೆಡೆ ಕೂಡಿದ ಜನರ ಸಭೆ. ಅದನ್ನು ಕಾಯುವವನು ಅಥವಾ ಅದರಲ್ಲಿ ಬಂದು ಸೇರುವವನು ಸಾಮಾಜಿಕನೆಂದು ಕಾಶಿಕಾವೃತ್ತಿಯು ಹೇಳುವುದು. ನಾಟ್ಯಶಾಸ್ತ್ರವನ್ನೂ ರಸವನ್ನೂ ವಿವರಿಸಿದ ಆಲಂಕಾರಿಕರಲ್ಲಿ ಸಾಮಾಜಿಕನೆಂದರೆ ನಾಟಕವನ್ನು ನೋಡುತ್ತಿರುವ ಪ್ರೇಕ್ಷಕ; ರಸಾಸ್ವಾದಕ್ಕೆ ಅಧಿಕಾರಿಯಾದ ಸಹೃದಯ. ರಸವು ಎಲ್ಲಿದೆ, ನಟನಲ್ಲಿಯೋ ಸಾಮಾಜಿಕನಲ್ಲಿಯೋ ಎಂಬ ವಾದವು ಅಲಂಕಾರಶಾಸ್ತ್ರದ ಹೃದಯದಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿನ ‘ಸೊಸೈಟಿ’ಗೆ ಸಮಾಜವೆಂಬ ಶಬ್ದವು ಹೊಂದಿಕೊಂಡ ಮೇಲೆ ಸಾಮಾಜಿಕವು ‘ಸೋಶಿಯಲ್’ ಎಂಬುದರ ಸ್ಥಾನದಲ್ಲಿ ನಿಂತಿತು. ಗುಲ್ವಾಡಿ ವೆಂಕಟರಾಯರು 1899ರಲ್ಲಿ ಪ್ರಕಟಿಸಿದ ‘ಇಂದಿರಾಬಾಯಿ’ಯನ್ನು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಸಾಹಿತ್ಯಚರಿತ್ರಕಾರರು ಕರೆಯುವರು. ಹೀಗೆ ಪ್ರೇಕ್ಷಕನಾಗಿದ್ದ ಶಬ್ದವು ತಾನೇ ಕಥಾವಸ್ತುವಾಯಿತು. ಇದು ಅಪಭ್ರಂಶವಲ್ಲ, ಬೆಳವಣಿಗೆ. ವಿಧವೆಯ ಗತಿ, ಜಾತಿಗಳ ಕಟ್ಟುಪಾಡು, ಹೆಣ್ಣುಮಕ್ಕಳ ಓದು — ಇವುಗಳನ್ನೆಲ್ಲ ಒಟ್ಟಾಗಿ ಸೂಚಿಸಲು ಹಿಂದಿನವರಲ್ಲಿ ಶಬ್ದವಿರಲಿಲ್ಲ. ಕಾಲಕ್ಕೆ ಆ ಶಬ್ದವು ಬೇಕಾಗಿದ್ದಿತು, ಭಾಷೆಯು ಒದಗಿಸಿತು. ಆಕ್ಷೇಪಕ್ಕೆ ಇಲ್ಲಿ ಎಡೆಯೇ ಇಲ್ಲ.

ಆಕ್ಷೇಪವಿರುವುದು, ಅವಶ್ಯಕತೆಯಿಲ್ಲದೆ ಬರಿಯ ಇಂಗ್ಲಿಷಿನ ನೆರಳಾಗಿ ಬರುವ ‘ಇಕ’ದ ವಿಷಯದಲ್ಲಿ. ‘ತಾಂತ್ರಿಕ’ ಶಬ್ದವು ಇದಕ್ಕೊಂದು ನಿದರ್ಶನ. ತಂತ್ರಶಾಸ್ತ್ರವನ್ನು ಬಲ್ಲವನು, ತಂತ್ರಮಾರ್ಗದವನು ತಾಂತ್ರಿಕ. ತಂತ್ರಿಗಳೆಂಬ ಗೌರವದ ಹೆಸರು ಕರಾವಳಿಯ ದೇವಸ್ಥಾನಗಳಲ್ಲಿ ಇಂದಿಗೂ ಇದೆ. ಇಂಗ್ಲಿಷಿನ ಟೆಕ್ನಿಕಲ್ ಎಂಬುದು ಕುಶಲವಿದ್ಯೆಯನ್ನು ಹೇಳುವ ಗ್ರೀಕ್ ಶಬ್ದದಿಂದ ಬಂದುದು. ಎರಡರ ಆದಿಯಲ್ಲಿಯೂ ತಕಾರವಿರುವುದು ಆ ಅರ್ಥವನ್ನು ಈ ಶಬ್ದದ ಮೇಲೆ ಇರಿಸಲು ಅನುಕೂಲವಾಗಿ ತೋರಿತು. ಇದರ ಫಲವಾಗಿ ವಿದ್ಯುತ್ತು ನಿಂತುಹೋದರೆ ‘ತಾಂತ್ರಿಕ ದೋಷ’ವೆಂದು ಪ್ರಕಟನೆ ಬರುವುದು; ಕೆಟ್ಟುದು ತಂತಿಯೋ ಯಂತ್ರವೋ ಎಂಬುದು ಮಾತ್ರ ಓದುವವನಿಗೆ ತಿಳಿಯುವುದಿಲ್ಲ. ‘ಪ್ರಾಯೋಗಿಕ’ವೂ ಇಂತಹದೇ. ಪ್ರಾಯೋಗಿಕ ಪರೀಕ್ಷೆ ಎಂಬಲ್ಲಿ ಕೈಯಿಂದ ಮಾಡಿ ತೋರಿಸತಕ್ಕುದು, ಪ್ರಾಯೋಗಿಕ ಸಂಚಾರ ಎಂಬಲ್ಲಿ ಪರೀಕ್ಷಾರ್ಥವಾದುದು, ಪ್ರಾಯೋಗಿಕ ಸಲಹೆ ಎಂಬಲ್ಲಿ ನಡೆಸಲು ಶಕ್ಯವಾದುದು. ಹೀಗೆ ಮೂರು ಬೇರೆ ಬೇರೆ ಅರ್ಥಗಳನ್ನು ಒಂದೇ ಶಬ್ದವು ಹೊತ್ತುಕೊಂಡು ಯಾವುದನ್ನೂ ಸರಿಯಾಗಿ ಇಳಿಸಲಾರದೆ ಇದೆ. ‘ಆರ್ಥಿಕ’ವೆಂದರೆ ಶಾಸ್ತ್ರಗ್ರಂಥಗಳಲ್ಲಿ ಶಬ್ದದಿಂದಲ್ಲದೆ ಅರ್ಥದ ಬಲದಿಂದ ಲಭಿಸಿದುದು ಎಂದೂ ಆಗುವುದು. ಆ ಅರ್ಥವು ಮರೆಯಾದುದಕ್ಕೆ ಚಿಂತೆಯಿಲ್ಲ. ಆದರೆ ‘ಆರ್ಥಿಕ ಪರಿಸ್ಥಿತಿ’ ಎಂದೊಡನೆ ಸಾಲವೂ ಬಡತನವೂ ಹಸಿವೂ ಮರೆಯಾಗುವುವಲ್ಲ, ಚಿಂತೆಗೆ ಕಾರಣವು ಅದು.

ಈ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ. ‘ಕುಟುಂಬದ ಆರ್ಥಿಕ ಮುಗ್ಗಟ್ಟಿನ ಕಾರಣ ಬಾಲಕಿಯ ಶೈಕ್ಷಣಿಕ ಪ್ರಗತಿಯು ಕುಂಠಿತವಾಗಿದೆ’ ಎಂಬ ಬಗೆಯ ವಾಕ್ಯವನ್ನು ಓದದ ದಿನವಿಲ್ಲ. ‘ಮನೆಯಲ್ಲಿ ಹಣವಿಲ್ಲದ್ದರಿಂದ ಹುಡುಗಿಯ ಓದು ನಿಂತಿತು’ ಎಂದರೆ ಸಾಕಾಗಿದ್ದಿತು. ಮೊದಲ ವಾಕ್ಯದಲ್ಲಿ ಯಾರಿಗೂ ನೋವಿಲ್ಲ, ಎರಡನೆಯದರಲ್ಲಿ ನೋವಿದೆ. ಮೊದಲನೆಯದನ್ನು ಬರೆದವರು ಕನಿಕರವಿಲ್ಲದವರೆಂದು ಹೇಳತಕ್ಕುದಲ್ಲ. ಅವರ ಕೈಗೆ ಒದಗಿದ ಭಾಷೆಯು ಅಂತಹದು. ‘ಇಕ’ದ ಎರಡು ಶಬ್ದಗಳು ಬಂದು ಹಣವನ್ನೂ ಓದನ್ನೂ ಹಿಂದಕ್ಕೆ ತಳ್ಳಿ, ಅವುಗಳ ಸ್ಥಾನದಲ್ಲಿ ‘ಮುಗ್ಗಟ್ಟು’, ‘ಪ್ರಗತಿ’ ಎಂಬ ಭಾವನಾಮಗಳನ್ನು ಕುಳ್ಳಿರಿಸಿದುವು. ಕನ್ನಡವನ್ನು ಓದಬಲ್ಲ, ಆದರೆ ಕಾಲೇಜಿನ ಮೆಟ್ಟಿಲನ್ನು ಹತ್ತದ ಗೃಹಿಣಿಗೆ ತನ್ನ ಮನೆಯ ಕಷ್ಟವನ್ನೇ ಹೇಳುವ ವಾಕ್ಯವು ತನ್ನದಲ್ಲವೆಂದು ತೋರುವುದು. ಕಚೇರಿಯಿಂದ ಬಂದ ಕಾಗದವನ್ನು ಓದಿಸಿಕೊಳ್ಳಲು ಅಕ್ಷರ ಬಲ್ಲವರೂ ಇನ್ನೊಬ್ಬರ ಬಳಿಗೆ ಹೋಗಬೇಕಾದ ಸಂದರ್ಭಗಳು ಹೀಗೆಯೇ ಹುಟ್ಟುವುವು. ಪ್ರತ್ಯಯವಿಚಾರವು ಪಂಡಿತರ ಕಾಲಕ್ಷೇಪವಲ್ಲ; ಓದುಗರು ಯಾರು, ಹೊರಗೆ ನಿಲ್ಲುವವರು ಯಾರು ಎಂಬುದು ಅದರಿಂದ ನಿರ್ಣಯವಾಗುವುದು.

ಇದಕ್ಕೆ ‘ವಾಗಿ’ ಎಂಬ ಬಾಲವು ಸೇರಿದರೆ ಕೇಳಲೇಬೇಕಿಲ್ಲ. ದೈಹಿಕವಾಗಿ, ಮಾನಸಿಕವಾಗಿ, ಆರ್ಥಿಕವಾಗಿ, ಸಾಮಾಜಿಕವಾಗಿ ಎಂದು ನಾಲ್ಕು ಕ್ರಿಯಾವಿಶೇಷಣಗಳು ಒಂದರ ಹಿಂದೊಂದು ಬಂದ ಮೇಲೆ ‘ಸದೃಢರಾಗಬೇಕು’ ಎಂಬ ಕ್ರಿಯೆಯು ಬರುವುದು. ಇಂಗ್ಲಿಷಿನ ವಾಕ್ಯದ ಅಳತೆಗೆ ಕನ್ನಡದ ಅಂಗಿಯನ್ನು ಹೊಲಿದುದು ಇದು. ಮೈಯೂ ಮನಸ್ಸೂ ಗಟ್ಟಿಯಾಗಿದ್ದು, ಕೈಯಲ್ಲಿ ನಾಲ್ಕು ಕಾಸು ಕೂಡಿ, ಊರಿನಲ್ಲಿ ಮರ್ಯಾದೆಯಿಂದ ಬಾಳಬೇಕೆಂಬುದೇ ಅದರ ತಾತ್ಪರ್ಯ. ‘ಇಕ’ವು ಸಾಲದೆ ಬಂದಾಗ ‘ಆತ್ಮಕ’ವನ್ನು ಕರೆತಂದು ‘ಕಾನೂನಾತ್ಮಕ’ ಎಂಬಂಥ ಶಬ್ದಗಳನ್ನು ಕಟ್ಟುವುದೂ ಉಂಟು. ಸಂಸ್ಕೃತ ಕನ್ನಡಗಳ ಬೆರಕೆಯ ಸಮಾಸವನ್ನು ಅರಿಸಮಾಸವೆಂದು ಹಳಿದ ಕೇಶಿರಾಜನು ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹಾಗಾದರೆ ಕನ್ನಡಕ್ಕೆ ಸ್ವಂತವಾದ ಉಪಾಯಗಳು ಯಾವುವು? ಮೊದಲನೆಯದು ಷಷ್ಠೀ ವಿಭಕ್ತಿ. ಊರಿನ ಸುದ್ದಿ, ಹಣದ ತೊಂದರೆ, ಶಾಲೆಯ ಕೆಲಸ, ಲೋಕದ ರೂಢಿ ಎಂಬಲ್ಲಿ ‘ಇಕ’ವು ಮಾಡಬೇಕಾದ ಕೆಲಸವನ್ನೆಲ್ಲ ಒಂದು ‘ಅ’ಕಾರವೇ ಮಾಡಿ ಮುಗಿಸುವುದು. ಎರಡನೆಯದು ಸಮಾಸ. ಹೆಮ್ಮಾಡಿ ಸೇವಂತಿಗೆ, ಉಡುಪಿ ಮಲ್ಲಿಗೆ, ಮಟ್ಟುಗುಳ್ಳ ಎಂದು ಸಂತೆಯಲ್ಲಿ ಹೇಳುವವರು ಯಾವ ಪ್ರತ್ಯಯವನ್ನೂ ಹಚ್ಚುವುದಿಲ್ಲ. ಹೆಸರಿನ ಪಕ್ಕದಲ್ಲಿ ಹೆಸರು ನಿಂತರೆ ಸಂಬಂಧವು ತಾನೇ ತಿಳಿಯುವುದು. ಮೂರನೆಯದು ಕನ್ನಡದ ತದ್ಧಿತಗಳು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತದ್ಧಿತಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. 1604ರಲ್ಲಿ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕನು ಕನ್ನಡದ ಲಕ್ಷಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳಿದರೂ ಕನ್ನಡಕ್ಕೆ ಸ್ವತಂತ್ರವಾದ ಶಾಸ್ತ್ರಗೌರವವಿದೆಯೆಂದೇ ತೋರಿಸಿದನು. ಬಳೆಗಾರ, ಮದ್ದಳೆಗಾರ, ಹೂವಾಡಿಗ, ಚೆನ್ನಿಗ, ಹಣವಂತ, ಮಾತಾಳಿ — ಇವುಗಳಲ್ಲಿ ಪ್ರತಿಯೊಂದರಲ್ಲಿಯೂ ಮಾರುವುದು, ನುಡಿಸುವುದು, ಉಳ್ಳವನಾಗಿರುವುದು ಎಂಬ ನಿರ್ದಿಷ್ಟ ಸಂಬಂಧವೇ ಇದೆ. ಸಂಸ್ಕೃತದ ಮಾರ್ದಂಗಿಕನೂ ಕನ್ನಡದ ಮದ್ದಳೆಗಾರನೂ ಒಂದೇ ಹಾಸಿನ ಮೇಲೆ ಕುಳಿತುಕೊಳ್ಳಬಲ್ಲರು. ಪಾಣಿನಿಯು ‘ಇಕ’ದಿಂದ ಸಾಧಿಸಿದ ಖಚಿತತೆಯನ್ನು ಕನ್ನಡವು ತನ್ನ ‘ಗಾರ’ ‘ಇಗ’ಗಳಿಂದ ಸಾಧಿಸಿಕೊಂಡಿದೆ. ಇಂದಿನ ಗದ್ಯವು ಕೈಬಿಟ್ಟಿರುವುದು ಕನ್ನಡವನ್ನು ಮಾತ್ರವಲ್ಲ, ಸಂಸ್ಕೃತವನ್ನೂ ಹೌದು.

ಈ ವಿಷಯದಲ್ಲಿ ಎರಡು ಪಕ್ಷಗಳು ಬಹುಕಾಲದಿಂದ ನಡೆದುಬಂದಿವೆ. ಕೆಲಕಾಲ ಕುಂದಾಪುರದಲ್ಲಿ ಉಪಾಧ್ಯಾಯನಾಗಿದ್ದು 1901ರಲ್ಲಿ ಅಕಾಲದಲ್ಲಿ ತೀರಿಕೊಂಡ ಮುದ್ದಣನು ತನ್ನ ರಾಮಾಶ್ವಮೇಧದಲ್ಲಿ ಮನೋರಮೆಯ ಬಾಯಿಂದ ತಿಳಿಯದ ಸಂಸ್ಕೃತಕ್ಕೆ ಆಕ್ಷೇಪವನ್ನು ಹೇಳಿಸಿದನು. ಆಕ್ಷೇಪಿಸಿದವಳು ಮನೆಯಾಕೆ ಎಂಬುದು ಗಮನಾರ್ಹ. ಭಾಷೆಯ ಪರೀಕ್ಷೆಯು ನಡೆಯಬೇಕಾದುದು ಅಲ್ಲಿಯೇ. ಇತ್ತೀಚಿನ ಕಾಲದಲ್ಲಿ ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡದ ವ್ಯಾಕರಣಗಳು ಸಂಸ್ಕೃತದ ಅಚ್ಚಿನಲ್ಲಿ ಎರಕಗೊಂಡವೆಂದೂ, ಹೊಸ ಶಬ್ದಗಳನ್ನು ಕಟ್ಟುವುದಕ್ಕೆ ಕನ್ನಡದ ಸ್ವಂತ ಪ್ರತ್ಯಯಗಳೇ ಸಾಕೆಂದೂ ಸವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಅವರ ಪರಿಶ್ರಮವು ಮಾನ್ಯವಾದುದು. ಕನ್ನಡದ ಶಕ್ತಿಯನ್ನು ಕನ್ನಡಿಗರಿಗೇ ತೋರಿಸಿಕೊಟ್ಟುದು ಚಿಕ್ಕ ಉಪಕಾರವಲ್ಲ. ಆದರೆ ಆ ದಾರಿಯನ್ನು ಕೊನೆಯವರೆಗೂ ಹಿಡಿದರೆ ಲೌಕಿಕ, ವೈದಿಕ, ಆಸ್ತಿಕ, ಧಾರ್ಮಿಕ ಎಂಬ, ನೂರಾರು ವರ್ಷಗಳಿಂದ ಹಳ್ಳಿಯವರ ನಾಲಗೆಯಲ್ಲಿಯೂ ಪಳಗಿದ ಶಬ್ದಗಳನ್ನು ಕಳೆದುಕೊಳ್ಳಬೇಕಾದೀತು. ನೆರಳನ್ನು ಓಡಿಸುವುದಕ್ಕಾಗಿ ದೀಪವನ್ನು ಆರಿಸಿದಂತಾಗಬಾರದು. ಎದುರುಪಕ್ಷದವರಾದರೋ ಸಂಸ್ಕೃತದಿಂದ ಬಂದುದೆಲ್ಲ ಗೌರವವೆಂದು ಭಾವಿಸುವರು. 1946ರಲ್ಲಿ ಪ್ರಕಟವಾದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಕನ್ನಡ ನಿಘಂಟಿನಂತಹ ಮಹಾಕಾರ್ಯಗಳಿಂದ ಕನ್ನಡಕ್ಕೆ ಶಾಸ್ತ್ರಪರಿಭಾಷೆಯು ದೊರೆತುದು ನಿಜವಾದರೂ, ನಿಘಂಟಿನ ಸಮಾನಪದವನ್ನು ವಾಕ್ಯದೊಳಗೆ ಹಾಗೆಯೇ ಇಳಿಸುವುದು ಬರೆಹವಲ್ಲ. ನಿಘಂಟು ಕಣಜ, ಅಡುಗೆಯನ್ನು ಮನೆಯವರೇ ಮಾಡಬೇಕು.

ಮಧ್ಯಮಾರ್ಗವು ಇದು ಎನ್ನಬಹುದು. ‘ಇಕ’ದ ಶಬ್ದವೊಂದು ಲೇಖನಿಯ ತುದಿಗೆ ಬಂದಾಗ ಅದರೊಳಗೆ ಯಾವ ಸಂಬಂಧವಿದೆಯೆಂದು ಕೇಳಿಕೊಳ್ಳತಕ್ಕದ್ದು. ಸಂಬಂಧವು ಸ್ಪಷ್ಟವಾಗಿದ್ದು ಬೇರೆ ಶಬ್ದದಿಂದ ಅದು ಸಿದ್ಧಿಸದಿದ್ದರೆ ಇಟ್ಟುಕೊಳ್ಳಬೇಕು. ಧಾರ್ಮಿಕ, ಪೌರಾಣಿಕ, ರಾಸಾಯನಿಕ ಎಂಬುವು ಹಾಗೆ ಉಳಿಯತಕ್ಕವುಗಳು. ಷಷ್ಠಿಯಿಂದಲೇ ಕೆಲಸವಾಗುವಂತಿದ್ದರೆ ಷಷ್ಠಿಯನ್ನೇ ಹಾಕಬೇಕು. ‘ಶೈಕ್ಷಣಿಕ ವರ್ಷ’ವೆಂದು ಕಚೇರಿಯ ಕಾಗದದಲ್ಲಿ ಇರಲಿ, ಆದರೆ ಮಗುವಿನ ಓದಿಗೆ ‘ಓದು’ ಎಂದೇ ಹೆಸರಿರಲಿ. ಸಂಬಂಧವೇನೆಂದು ಬರೆದವರಿಗೇ ತಿಳಿಯದಿದ್ದರೆ ಆ ವಾಕ್ಯವನ್ನು ಮೊದಲಿನಿಂದ ಯೋಚಿಸಬೇಕು. ಅಂಥ ಎಡೆಯಲ್ಲಿ ದೋಷವು ಪ್ರತ್ಯಯದ್ದಲ್ಲ, ಆಲೋಚನೆಯದು.

ಕೊನೆಯದಾಗಿ ಒಂದು ಶಬ್ದವನ್ನು ಪ್ರತ್ಯೇಕವಾಗಿ ನೋಡತಕ್ಕದ್ದು: ‘ಸಾರ್ವಜನಿಕ’. ಇಂಗ್ಲಿಷಿನ ಪಬ್ಲಿಕ್ ಎಂಬುದು ಜನಸಮೂಹವನ್ನು ಹೇಳುವ ಲ್ಯಾಟಿನ್ ಶಬ್ದದ ಮೇಲೆ ‘ಇಕುಸ್’ ಪ್ರತ್ಯಯ ಬಂದು ಆದುದು. ಜನರಿಗೆ ಸೇರಿದುದು ಎಂದರ್ಥ. 1870ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಾರ್ವಜನಿಕ ಸಭೆಯೂ, 1893ರಿಂದ ಲೋಕಮಾನ್ಯ ಟಿಳಕರು ಪ್ರಚಾರಕ್ಕೆ ತಂದ ಸಾರ್ವಜನಿಕ ಗಣೇಶೋತ್ಸವವೂ ಸಂಸ್ಕೃತದ ಶಬ್ದವನ್ನು ಈ ಅರ್ಥದಲ್ಲಿ ದೇಶಕ್ಕೆಲ್ಲ ಪರಿಚಯಿಸಿದುವು. ಇಂದು ಸಾರ್ವಜನಿಕ ಆಸ್ಪತ್ರೆ, ಸಾರ್ವಜನಿಕ ಗ್ರಂಥಾಲಯ ಎಂದು ಎಲ್ಲೆಡೆಯೂ ಕಾಣುವುದು. ‘ಸಾರ್ವಜನಿಕರ ಗಮನಕ್ಕೆ’ ಎಂಬ ಪ್ರಕಟನೆಯಲ್ಲಿ ಅದು ಜನರಿಗೇ ಹೆಸರಾಗಿ, ಪಾಣಿನಿಯ ‘ಇಕ’ದಂತೆ ಮತ್ತೆ ಮನುಷ್ಯವಾಚಕವಾಗಿದೆ. ಆದರೆ ಈ ಶಬ್ದವು ಶಾಸ್ತ್ರದಲ್ಲಿ ಬಂದಿರುವ ಸ್ಥಾನವನ್ನು ಮರೆಯಲಾಗದು. ‘ಅವನಿಗೆ ಹಿತವಾದುದು’ ಎಂಬ ಅರ್ಥದ ಅಧಿಕಾರದಲ್ಲಿ ವಾರ್ತಿಕಕಾರನು ಸರ್ವಜನ ಶಬ್ದಕ್ಕೆ ಠಞ್ ಪ್ರತ್ಯಯವನ್ನು ಹೇಳಿರುವನು. ಆದುದರಿಂದ ಸಾರ್ವಜನಿಕವೆಂದರೆ ಎಲ್ಲ ಜನರಿಗೆ ಸಂಬಂಧಿಸಿದುದು ಮಾತ್ರವಲ್ಲ; ಎಲ್ಲ ಜನರಿಗೆ ಹಿತವಾದುದು.

ಗ್ರೀಕ್ ಲ್ಯಾಟಿನುಗಳ ಸಹೋದರ ಪ್ರತ್ಯಯವು ಹೇಳದ ಮಾತನ್ನು ಸಂಸ್ಕೃತದ ‘ಇಕ’ವು ಇಲ್ಲಿ ಹೇಳಿದೆ. ಹಿತವೆಂಬ ಆ ಸಂಬಂಧವು ಶಬ್ದದಿಂದ ಜಾರಿಹೋದರೆ ಉಳಿಯುವುದು ಫಲಕದ ಮೇಲಿನ ಅಕ್ಷರಗಳಷ್ಟೇ. ಜನರಿಗೆ ತಿಳಿಯುವಂತೆ ಬರೆಯುವುದೂ ಅವರಿಗೆ ಹಿತವಾದುದೇ ಆದಕಾರಣ, ಗದ್ಯವನ್ನು ಬರೆಯುವವರು ಅನ್ಯ ‘ಇಕ’ಗಳನ್ನು ಎಷ್ಟು ಬಿಟ್ಟರೂ ಸಾರ್ವಜನಿಕವೆಂಬ ಒಂದನ್ನು ಅದರ ಪೂರ್ಣಾರ್ಥದಲ್ಲಿ ಉಳಿಸಿಕೊಂಡರೆ ಈ ಪ್ರತ್ಯಯದ ಋಣವು ತೀರಿದಂತಾಗುವುದು.